ಪರದೇಶದ ವಾರ್ಡಿನಲ್ಲಿ ನಮ್ಮ ವಿದ್ಯಾರ್ಥಿಗಳು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಹೊರದೇಶದ ಆಸ್ಪತ್ರೆಗೆ ಕಲಿಯಲು ಹೊರಟವರು, ಅಲ್ಲೇ ಓದುತ್ತಿರುವವರು, ಓದಿ ಮರಳಿದವರು ಮತ್ತು ಅವರ ಮನೆಯವರು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಆಯ್ದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳಿಗೆ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಹಾಸನದಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಅಂತಿಮ ವರ್ಷದಲ್ಲಿ ನಾಲ್ಕು ವಾರ ಬ್ರಿಟನ್ ಅಥವಾ ಅಮೆರಿಕದ ಆಸ್ಪತ್ರೆಯಲ್ಲಿ ಕಲಿಯುವ ಆಸೆ ಇದೆ. ಎಲೆಕ್ಟಿವ್, ಅಬ್ಸರ್ವರ್‌ಶಿಪ್ ಎಂದು ಎರಡು ಹೆಸರು ಕೇಳುತ್ತೇನೆ. ಎರಡಕ್ಕೂ ಏನು ವ್ಯತ್ಯಾಸ? ತಯಾರಿ ಯಾವಾಗ ಶುರು ಮಾಡಬೇಕು?
– ವಿದ್ಯಾರ್ಥಿನಿ, ಹಾಸನ

ಉತ್ತರ: ಎಲೆಕ್ಟಿವ್ ಎಂಬುದು ಇನ್ನೂ ಓದುತ್ತಿರುವವರಿಗೆ, ಅಲ್ಲಿನ ವೈದ್ಯಕೀಯ ಕಾಲೇಜಿನ ಮೂಲಕ ಸಿಗುವ ಪೋಸ್ಟಿಂಗ್. ಅಬ್ಸರ್ವರ್‌ಶಿಪ್‌ನಲ್ಲಿ ವೈದ್ಯರ ಹಿಂದೆ ನಿಂತು ನೋಡುವುದಷ್ಟೇ. ರೋಗಿಯನ್ನು ಮುಟ್ಟುವಂತಿಲ್ಲ, ಕೇಸ್ ಶೀಟಿನಲ್ಲಿ ಬರೆಯುವಂತಿಲ್ಲ. ಅದು ಪದವಿ ಮುಗಿಸಿದವರಿಗೂ ಸಿಗುತ್ತದೆ. ಅಮೆರಿಕದಲ್ಲಿ ಎಲೆಕ್ಟಿವ್‌ಗೆ ಹೋದವರು ಮೇಲ್ವಿಚಾರಕರ ಎದುರು ರೋಗಿಯ ಹಿಸ್ಟರಿ, ಅಂದರೆ ಕಾಯಿಲೆಯ ಹಿನ್ನೆಲೆ ಕೇಳಿ, ಪರೀಕ್ಷೆ ಮಾಡಬಹುದು. ಪದವಿ ಕೈಗೆ ಬಂದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಅಮೆರಿಕದ ಆಸೆಯಿದ್ದರೆ ವಿದ್ಯಾರ್ಥಿನಿಯಾಗಿರುವಾಗಲೇ ಹೋಗಿ. ಅದಕ್ಕೆ ಸಾಮಾನ್ಯವಾಗಿ ಬಿ-1 ವೀಸಾ, ಸಂಬಳ ಇರುವುದಿಲ್ಲ. ಬ್ರಿಟನ್ನಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾದಲ್ಲಿ ಎಲೆಕ್ಟಿವ್ ಮಾಡಬಹುದು. ಆದರೆ ಎರಡು ಷರತ್ತುಗಳಿವೆ: ಸಂಬಳ ಪಡೆಯಬಾರದು, ರೋಗಿಗೆ ಚಿಕಿತ್ಸೆ ಕೊಡಬಾರದು. ಈ ವೀಸಾಕ್ಕೆ ಹೊರಡುವ ದಿನಕ್ಕೆ ಮೂರು ತಿಂಗಳ ಮೊದಲು ಮಾತ್ರ ಅರ್ಜಿ ಹಾಕಲು ಸಾಧ್ಯ.

ಸೀಟು ಹುಡುಕುವ ಕೆಲಸವನ್ನು ಒಂದು ವರ್ಷ ಮೊದಲೇ ಹಿಡಿಯಿರಿ. ನಿಮ್ಮ ಕಾಲೇಜಿನ ಪ್ರಾಂಶುಪಾಲರ ಪತ್ರ ಬೇಕು. ಅದರಲ್ಲಿ ನೀವು ಯಾವ ವರ್ಷದಲ್ಲಿದ್ದೀರಿ, ಯಾವ ವಿಭಾಗಗಳ ಪೋಸ್ಟಿಂಗ್ ಮುಗಿಸಿದ್ದೀರಿ, ಈ ನಾಲ್ಕು ವಾರ ಕಾಲೇಜಿನ ಒಪ್ಪಿಗೆಯ ರಜೆಯೇ ಎಂಬ ಮೂರೂ ಸ್ಪಷ್ಟವಾಗಿರಲಿ. ಬರೀ ಬೋನಾಫೈಡ್ ತಂದವರ ಅರ್ಜಿ ಹಲವು ಕಡೆ ಅಲ್ಲೇ ನಿಲ್ಲುತ್ತದೆ. ಜೊತೆಗೆ ಅಂಕಪಟ್ಟಿ, ಇಬ್ಬರು ಪ್ರಾಧ್ಯಾಪಕರ ಶಿಫಾರಸು, ವೃತ್ತಿ ಹೊಣೆಗಾರಿಕೆಯ ವಿಮೆ, ಪ್ರಯಾಣ ವಿಮೆ, ಕೆಲವೆಡೆ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವೂ ಬೇಕು. ಈ ಕೊನೆಯದಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ 2022ರಿಂದ ಅರ್ಜಿ ತೆಗೆದುಕೊಳ್ಳುತ್ತಾರೆ.

ಹೆಚ್ಚಿನವರು ಎಡವುವುದು ಲಸಿಕೆಯ ಫಾರಂನಲ್ಲಿ. ಆಸ್ಪತ್ರೆಗೆ ನಿಮ್ಮ ಬಾಯಿಮಾತು ಸಾಲದು, ದಿನಾಂಕ ಮತ್ತು ರಕ್ತ ಪರೀಕ್ಷೆಯ ಅಂಕಿ ಬೇಕು. ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳ ಲೆಕ್ಕದಲ್ಲಿ ಮೂರು ಡೋಸ್. ಮೂರನೆಯದಾದ ಒಂದೆರಡು ತಿಂಗಳಿಗೆ, ರಕ್ಷಣೆ ಬಂದಿದೆಯೇ ಎಂದು ನೋಡುವ ಆ್ಯಂಟಿ-ಎಚ್‌ಬಿಎಸ್ ಪರೀಕ್ಷೆ. ಅದು 10 ಅಥವಾ ಹೆಚ್ಚು ಇರಬೇಕು. ಮೊದಲಿನಿಂದ ಶುರು ಮಾಡಿದರೆ ಇದಕ್ಕೇ ಏಳೆಂಟು ತಿಂಗಳು ಹೋಗುತ್ತದೆ. ಚಿಕ್ಕಂದಿನಲ್ಲಿ ಲಸಿಕೆ ಆಗಿದ್ದವರಿಗೂ ಈಗ ಅಂಕಿ 10ಕ್ಕಿಂತ ಕೆಳಗೆ ಬರುವುದು ಸಾಮಾನ್ಯ. ಆಗ ಒಂದು ಬೂಸ್ಟರ್ ಹಾಕಿಸಿ, ಒಂದೆರಡು ತಿಂಗಳ ಮೇಲೆ ಮತ್ತೆ ನೋಡಬೇಕು. ಆಗಲೂ ಏರದಿದ್ದರೆ ಉಳಿದೆರಡು ಡೋಸ್ ಮುಗಿಸಬೇಕು.

ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಎರಡು ಡೋಸ್, ನಡುವೆ ಕನಿಷ್ಠ 28 ದಿನ. ಸೀತಾಳೆಸಿಡುಬಿನದ್ದೂ ಎರಡು ಡೋಸ್, ನಡುವೆ ಕನಿಷ್ಠ ನಾಲ್ಕು ವಾರ. ಇವೆರಡೂ ಜೀವಂತ ಲಸಿಕೆಗಳಾದ್ದರಿಂದ ಒಂದೇ ದಿನ ಹಾಕಿಸಿ, ಇಲ್ಲವೇ ನಾಲ್ಕು ವಾರ ಅಂತರ ಕೊಡಿ. ಕ್ಷಯದ ಪರೀಕ್ಷೆಯನ್ನು ಲಸಿಕೆಯ ದಿನವೇ ಮಾಡಿಸಿ, ಇಲ್ಲವೇ ಕನಿಷ್ಠ ನಾಲ್ಕು ವಾರ ಕಳೆದ ಮೇಲೆ ಮಾಡಿಸಿ. ನಡುವೆ ಮಾಡಿಸಿದರೆ ಜೀವಂತ ಲಸಿಕೆಯಿಂದಾಗಿ ಸೋಂಕಿದ್ದರೂ ಇಲ್ಲವೆಂದು ತೋರುವ ಅಪಾಯವಿದೆ. ನಮ್ಮವರಲ್ಲಿ ಹೆಚ್ಚಿನವರು ಹುಟ್ಟಿದಾಗ ಕ್ಷಯದ ಬಿಸಿಜಿ ಲಸಿಕೆ ಹಾಕಿಸಿಕೊಂಡವರು, ಅದರಿಂದ ಚರ್ಮದ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದು. ರಕ್ತದ ಇಗ್ರಾ ಪರೀಕ್ಷೆಗೆ ಬಿಸಿಜಿಯ ತೊಂದರೆ ಇಲ್ಲ, ಅದನ್ನೇ ಕೇಳಿ. ಅದೂ ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ ತೆಗೆಸಿ, ವೈದ್ಯರ ಪತ್ರ ಲಗತ್ತಿಸಿ. ಕಾಯಿಲೆ ಇಲ್ಲವೆಂದು ತೋರಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಪ್ರಶ್ನೆ: ನನ್ನ ಮಗಳು ಕಿರ್ಗಿಸ್ತಾನದಲ್ಲಿ ನಾಲ್ಕನೇ ವರ್ಷ ಮೆಡಿಕಲ್. ಫೋನ್ ಮಾಡಿದಾಗೆಲ್ಲ "ಅಪ್ಪ, ಆಸ್ಪತ್ರೆಗೆ ಹೋಗ್ತೀವಿ, ನಿಂತ್ಕೊಂಡು ಬರ್ತೀವಿ, ರೋಗಿ ಮಾತೇ ಅರ್ಥ ಆಗಲ್ಲ" ಅಂತಾಳೆ. ಜಮೀನಿನ ಮೇಲೆ ಸಾಲ ತಂದು ಕಳಿಸಿದ್ದೇನೆ. ಅವಳು ನಿಜವಾಗಿ ಡಾಕ್ಟರಾಗಲು ಏನು ಮಾಡಬೇಕು?
– ಕೃಷಿಕರು, ಅರಕಲಗೂಡು ತಾಲ್ಲೂಕು

ಉತ್ತರ: ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಾಳೆ, ಅದೇ ಒಳ್ಳೆಯ ಲಕ್ಷಣ. ಸಮಯವೂ ಮೀರಿಲ್ಲ. ಈ ಉತ್ತರವನ್ನು ಅವಳಿಗೂ ಕಳುಹಿಸಿ.

ತೊಡಕಿನ ಮೂಲ ಭಾಷೆ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಹಾಸಿಗೆಯಲ್ಲಿ ಮಲಗಿದ ಅಜ್ಜಿ ಮಾತಾಡುವುದು ಕಿರ್ಗಿಜ್ ಅಥವಾ ರಷ್ಯನ್. ಮೊದಲೆರಡು ವರ್ಷದ ರಷ್ಯನ್ ತರಗತಿಯನ್ನು ಪರೀಕ್ಷೆಗಷ್ಟೇ ಓದಿ ಬಿಟ್ಟವರಿಗೆ ಮೂರನೇ ವರ್ಷದಲ್ಲಿ ವಾರ್ಡಿನ ಬಾಗಿಲಲ್ಲೇ ಕಾಲು ಕಟ್ಟುತ್ತದೆ. ಇಡೀ ಭಾಷೆ ಕಲಿಯಬೇಕಿಲ್ಲ. ಹಿಸ್ಟರಿ ಕೇಳಲು ಬೇಕಾದ ಪ್ರಶ್ನೆಗಳು ಐವತ್ತು ಅರವತ್ತು ಇದ್ದಾವು: ಗ್ದ್ಯೆ ಬಲೀತ್ ಎಂದರೆ ಎಲ್ಲಿ ನೋವು, ಕಗ್ದಾ ನಚಲೋಸ್ ಎಂದರೆ ಯಾವಾಗ ಶುರುವಾಯಿತು, ದೀಷಿತ್ಯೆ ಉಸಿರಾಡಿ, ನ್ಯೆ ದೀಷಿತ್ಯೆ ಉಸಿರು ಬಿಗಿಹಿಡಿಯಿರಿ. ಕಷ್ಟವಿರುವುದು ಬರುವ ಉತ್ತರದಲ್ಲಿ. ಅದಕ್ಕೆ ಪ್ರಶ್ನೆಯನ್ನೇ ಹೌದು, ಇಲ್ಲ, ಅಂಕಿ, ಬೆರಳು ತೋರಿಸುವುದು ಇಷ್ಟರಲ್ಲಿ ಉತ್ತರ ಬರುವಂತೆ ಕಟ್ಟಿಕೊಳ್ಳಬೇಕು. "ನೋವು ಹೇಗಿದೆ" ಎಂದು ಕೇಳಿದರೆ ಅಜ್ಜಿ ಐದು ನಿಮಿಷ ಮಾತಾಡುತ್ತಾರೆ, ಒಂದೂ ತಲೆಗೆ ಹೋಗದು. "ನೋವು ಬೆನ್ನಿಗೆ ಹೋಗುತ್ತದೆಯೇ? ಊಟವಾದ ಮೇಲೆ ಹೆಚ್ಚೇ? ಎಷ್ಟು ದಿನ?" ಎಂದು ಒಡೆದು ಕೇಳಿದರೆ ಹಿಸ್ಟರಿ ಪೂರ್ತಿ ಆಗುತ್ತದೆ. ದಿನಕ್ಕೆ ಐದು ಪ್ರಶ್ನೆ ಬಾಯಿಪಾಠ ಮಾಡಿ, ಅದೇ ದಿನ ವಾರ್ಡಿನಲ್ಲಿ ಒಬ್ಬರಿಗಾದರೂ ಕೇಳಬೇಕು. ಅಲ್ಲಿನ ದಾದಿಯರ ಜೊತೆ ಬೆಳಗಿನ ನಮಸ್ಕಾರದಿಂದ ಶುರುವಾದ ಮಾತು ಎಷ್ಟೋ ಬಾಗಿಲು ತೆರೆಸುತ್ತದೆ.

ಎರಡನೆಯದು ನಿಲ್ಲುವ ಜಾಗ. ಹದಿನೈದು ಮಂದಿಯ ಗುಂಪಿನಲ್ಲಿ ಹಿಂದಿನ ಸಾಲಿಗೆ ಏನೂ ಕಾಣದು. ಬೆಳಗಿನ ರೌಂಡ್ಸ್‌ಗೆ, ಅಲ್ಲಿ ಅದಕ್ಕೆ ಅಬ್ಖೋದ್ ಎನ್ನುತ್ತಾರೆ, ಅರ್ಧ ಗಂಟೆ ಮೊದಲೇ ಹೋಗಿ ಒಬ್ಬ ರೋಗಿಯನ್ನು ಆರಿಸಿಕೊಳ್ಳಲಿ. ಕೇಸ್ ಶೀಟನ್ನು ಶಿಕ್ಷಕರ ಅನುಮತಿ ಪಡೆದು ಓದಲಿ. ರೌಂಡ್ಸ್ ಮುಗಿದ ಮೇಲೆ ಮತ್ತೆ ಆ ರೋಗಿಯ ಹತ್ತಿರ ಹೋಗಿ, "ನಾನು ವಿದ್ಯಾರ್ಥಿನಿ, ಪರೀಕ್ಷೆ ಮಾಡಬಹುದೇ" ಎಂದು ಅವರ ಭಾಷೆಯಲ್ಲೇ ಕೇಳಲಿ. ಆ ಭಾಗದ ವೈದ್ಯ ಶಿಕ್ಷಣದಲ್ಲಿ ಕೈಯಿಂದ ಮುಟ್ಟಿ ತಟ್ಟಿ ನೋಡುವ ಪರೀಕ್ಷೆಗೆ ಬಹಳ ಮಹತ್ವ ಇದೆ. ಹೊಟ್ಟೆಯನ್ನು ಆಳವಾಗಿ, ಜಾರುವ ಬೆರಳಿನಿಂದ ನೋಡುವ ಒಬ್ರಾಜ್ತ್ಸೋವ್–ಸ್ಟ್ರಾಝೆಸ್ಕೊ ಕ್ರಮ, ಬೆರಳಿನಿಂದ ತಟ್ಟಿ ಹೃದಯ, ಯಕೃತ್ತಿನ ಗಡಿ ಗುರುತಿಸುವುದು ಇವನ್ನು ಹಿರಿಯ ಶಿಕ್ಷಕರು ಇವತ್ತಿಗೂ ಚೆನ್ನಾಗಿ ಹೇಳಿಕೊಡುತ್ತಾರೆ. ಯಂತ್ರವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾಳೆ ಅವಳ ಕೈ ಹಿಡಿಯುವುದು ಇದೇ. ಅದನ್ನು ಅಲ್ಲಿಂದ ತಪ್ಪದೆ ಕಲಿತು ತರಲಿ.

ಮೂರನೆಯದು ಬರವಣಿಗೆ. ಒಬ್ಬ ರೋಗಿಗೆ ಒಂದು ಹಾಳೆ: ಏನು ತೊಂದರೆಯಿಂದ ಬಂದರು, ಏನು ಕಂಡಿತು, ತನ್ನ ಅಂದಾಜಿನ ರೋಗ ಯಾವುದು, ವೈದ್ಯರು ಏನೆಂದರು, ಎರಡೂ ಬೇರೆಯಾದರೆ ಯಾಕೆ. ಹೆಸರು, ವಿಳಾಸ ಬರೆಯುವುದು ಬೇಡ, ವಯಸ್ಸು ಸಾಕು. ವಾರಕ್ಕೆ ನಾಲ್ಕು ಹಾಳೆ ತುಂಬಿದರೆ ವರ್ಷದ ಕೊನೆಗೆ ನಿಮ್ಮ ಮಗಳ ಕೈಯಲ್ಲಿ ಯಾವ ಕೋಚಿಂಗ್ ಸೆಂಟರೂ ಕೊಡಲಾರದ ಪುಸ್ತಕ ಇರುತ್ತದೆ.

ಒಂದು ಎಚ್ಚರಿಕೆ. ಬೇಸಿಗೆ ರಜೆಗೆ ಊರಿಗೆ ಬಂದಾಗ ಇಲ್ಲಿನ ಆಸ್ಪತ್ರೆಯಲ್ಲಿ, ವೈದ್ಯಾಧಿಕಾರಿಗಳ ಒಪ್ಪಿಗೆಯಿಂದ, ನೋಡಿ ಕಲಿಯುವುದಕ್ಕೆ ಅಡ್ಡಿಯಿಲ್ಲ. ಆದರೆ ಅದು ಕೋರ್ಸಿನ ಲೆಕ್ಕಕ್ಕೆ ಸೇರುವುದಿಲ್ಲ. ತರಬೇತಿಯ ಯಾವ ಭಾಗವನ್ನೂ ಓದುವ ದೇಶದಿಂದ ಹೊರಗೆ ಮಾಡುವಂತಿಲ್ಲ ಎಂಬುದು ನಿಯಮ.

ಪ್ರಶ್ನೆ: ಮಗ ಜಾರ್ಜಿಯಾಗೆ 2023ರಲ್ಲಿ ಸೇರಿದ. ಅಲ್ಲಿನ ಆಸ್ಪತ್ರೆ ಚಿಕ್ಕದು, ರೋಗಿಗಳು ಕಡಿಮೆ ಎಂದು ಪಕ್ಕದ ದೇಶದ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಮಾಡಿಸಿಕೊಡುವುದಾಗಿ ಏಜೆಂಟರು ಹೇಳುತ್ತಿದ್ದಾರೆ. ಮಾಡಿಸಬಹುದೇ?
– ಗೃಹಿಣಿ, ಕಡೂರು

ಉತ್ತರ: ಮಾಡಿಸಬೇಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನವೆಂಬರ್ ನಿಯಮಾವಳಿಯ ಪ್ರಕಾರ ಕನಿಷ್ಠ 54 ತಿಂಗಳ ಕೋರ್ಸನ್ನೂ, ಅದರ ಮೇಲಿನ 12 ತಿಂಗಳ ಇಂಟರ್ನ್‌ಶಿಪ್ಪನ್ನೂ ಒಂದೇ ಸಂಸ್ಥೆಯಲ್ಲಿ ಮುಗಿಸಿರಬೇಕು. ಪಾಠ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಆ ಪದವಿಯಿಂದ ಅದೇ ದೇಶದಲ್ಲಿ ವೈದ್ಯ ವೃತ್ತಿ ಮಾಡಲು ಪರವಾನಗಿ ಸಿಗುವಂತಿರಬೇಕು. ಇದರಲ್ಲಿ ಒಂದು ತಪ್ಪಿದರೂ ಮಗ ಇಲ್ಲಿ ಪರೀಕ್ಷೆಗೆ ಕೂರಲಾಗದೆ ಹೋಗಬಹುದು. ಏಜೆಂಟರ ಕಾಗದಕ್ಕೆ ಆಗ ಬೆಲೆ ಇರುವುದಿಲ್ಲ. ರೋಗಿಗಳು ಕಡಿಮೆಯಿದ್ದರೆ, ಅದೇ ವಿಶ್ವವಿದ್ಯಾಲಯದ ಜೊತೆ ಒಪ್ಪಂದವಿರುವ ಬೇರೆ ಆಸ್ಪತ್ರೆಗಳು ಯಾವುವು, ಯಾವ ಪೋಸ್ಟಿಂಗ್ ಅಲ್ಲಿಗೆ ಬದಲಿಸಬಹುದು ಎಂದು ಡೀನ್ ಕಚೇರಿಯಲ್ಲಿ ಲಿಖಿತವಾಗಿ ಕೇಳಲಿ. ಉತ್ತರವೂ ಕಾಗದದಲ್ಲೇ ಇರಲಿ.

ಪ್ರಶ್ನೆ: ಹೊರದೇಶದ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗೆ ಸೂಜಿ ಚುಚ್ಚಿದರೆ ಏನು ಮಾಡಬೇಕು? ಹೇಳಿದರೆ ಕೋರ್ಸಿನಿಂದ ತೆಗೆಯುತ್ತಾರೆ ಎಂದು ಹೆದರಿಸುವವರಿದ್ದಾರೆ.
– ವಿದ್ಯಾರ್ಥಿ, ಚನ್ನರಾಯಪಟ್ಟಣ

ಉತ್ತರ: ಮುಚ್ಚಿಡಬೇಡಿ. ಇಲ್ಲಿ ಗಂಟೆಗಳ ಲೆಕ್ಕ ನಡೆಯುತ್ತದೆ.

ಕೈಗವಸು ತೆಗೆದು ಗಾಯವನ್ನು ಹರಿಯುವ ನೀರು, ಸೋಪಿನಿಂದ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ, ಸ್ಪಿರಿಟ್ ಅಥವಾ ಬ್ಲೀಚ್ ಸುರಿಯಬೇಡಿ. ಅಂಗಾಂಶ ಕೆರಳುತ್ತದೆಯೇ ಹೊರತು ಲಾಭ ಇಲ್ಲ. ಕಣ್ಣಿಗೆ ರಕ್ತ ಸಿಡಿದರೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ತೊಳೆದು, ಆಮೇಲೆ ಅದನ್ನು ತೆಗೆದು ಮತ್ತೆ ತೊಳೆಯಿರಿ. ತಕ್ಷಣ ಮೇಲ್ವಿಚಾರಕರಿಗೆ ಹೇಳಿ, ಸಿಬ್ಬಂದಿ ಆರೋಗ್ಯ ವಿಭಾಗಕ್ಕೆ, ಅದು ಮುಚ್ಚಿದ್ದರೆ ತುರ್ತು ವಿಭಾಗಕ್ಕೆ ಹೋಗಿ. ಯಾವ ರೋಗಿಯ ಸೂಜಿ, ಒಳಗೆ ಪೊಳ್ಳಿರುವ ಸೂಜಿಯೋ ಹೊಲಿಗೆಯದೋ, ಎಷ್ಟು ಆಳ, ಎಷ್ಟು ಹೊತ್ತಿಗೆ ಎಂದು ಬರೆದಿಡಿ. ರೋಗಿಯ ಒಪ್ಪಿಗೆ ಪಡೆದು ಅವರ ರಕ್ತ ಪರೀಕ್ಷೆ ಮಾಡುತ್ತಾರೆ. ಒಪ್ಪಿಗೆ ಕೇಳುವ ಕೆಲಸ ನಿಮ್ಮದಲ್ಲ, ಬೇರೆ ವೈದ್ಯರದು.

ಎಚ್‌ಐವಿ ತಡೆ ಮಾತ್ರೆ ಬೇಕೆಂದಾದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು ಮತ್ತು 28 ದಿನ ಪೂರ್ತಿ ನುಂಗಬೇಕು. ಹತ್ತನೇ ದಿನ ವಾಕರಿಕೆಯೆಂದು ಬಿಡುವವರಿದ್ದಾರೆ. ಬಿಡುವ ಬದಲು ವೈದ್ಯರಿಗೆ ಹೇಳಿ, ವಾಕರಿಕೆಗೂ ಔಷಧಿ ಇದೆ. ಸೋಂಕಿತರ ಸೂಜಿ ಚುಚ್ಚಿದರೂ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಲಸಿಕೆಯಾಗದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30. ಮೊದಲ ಉತ್ತರದಲ್ಲಿ ಲಸಿಕೆಯ ಬಗ್ಗೆ ಅಷ್ಟು ಬರೆದದ್ದು ಇದಕ್ಕೇ. ಆಮೇಲಿನ ರಕ್ತ ಪರೀಕ್ಷೆಗಳನ್ನು, ನಡುವೆ ಊರಿಗೆ ಬಂದರೂ, ತಪ್ಪಿಸಬೇಡಿ.

ಚುಚ್ಚುವುದು ಹೆಚ್ಚಾಗಿ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ, ಮತ್ತು ತುಂಬಿದ ಡಬ್ಬಕ್ಕೆ ಇನ್ನೊಂದು ಸೂಜಿ ತುರುಕುವಾಗ. ಮುಚ್ಚಳ ಹಾಕಲೇಬೇಡಿ. ಮುಕ್ಕಾಲು ತುಂಬಿದ ಡಬ್ಬ ಬದಲಿಸಲು ಹೇಳಿ. ರಾತ್ರಿ ಪಾಳಿಯ ಕೊನೆಯಲ್ಲಿ ಕಣ್ಣು ಎಳೆಯುತ್ತಿದ್ದರೆ ರಕ್ತ ತೆಗೆಯಲು ಒಪ್ಪಬೇಡಿ. ವಿಮೆ ಕೊಳ್ಳುವಾಗಲೇ ಈ 28 ದಿನದ ಮಾತ್ರೆಯ ಖರ್ಚು ಸೇರಿದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ಬ್ರಿಟನ್ನಿನ ಆಸ್ಪತ್ರೆಯ ರಿಪೋರ್ಟುಗಳಲ್ಲಿ ಸಕ್ಕರೆ 7, ಹಿಮೋಗ್ಲೋಬಿನ್ 118 ಎಂದೆಲ್ಲ ಇರುತ್ತದಂತೆ. ತಲೆಕೆಡದಂತೆ ಓದುವುದು ಹೇಗೆ?
– ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ನಾಲ್ಕು ಲೆಕ್ಕ ಕಲಿತರೆ ಸಾಕು. ಸಕ್ಕರೆಯನ್ನು ಅಲ್ಲಿ ಲೀಟರಿಗೆ ಮಿಲಿಮೋಲ್‌ನಲ್ಲಿ ಬರೆಯುತ್ತಾರೆ, 18ರಿಂದ ಗುಣಿಸಿ. 7 ಎಂದರೆ ನಮ್ಮ 126, 10 ಎಂದರೆ 180. ಕ್ರಿಯಾಟಿನಿನ್ ಮೈಕ್ರೊಮೋಲ್‌ನಲ್ಲಿರುತ್ತದೆ, 88ರಿಂದ ಭಾಗಿಸಿ. 106 ಎಂದರೆ ಸುಮಾರು 1.2. ಹಿಮೋಗ್ಲೋಬಿನ್ ಲೀಟರಿನ ಲೆಕ್ಕ, ಹತ್ತರಿಂದ ಭಾಗಿಸಿ. 118 ಎಂದರೆ 11.8. ಜ್ವರ ಸೆಲ್ಸಿಯಸ್‌ನಲ್ಲಿ, 38.5 ಎಂದರೆ 101.3 ಫ್ಯಾರನ್‌ಹೀಟ್. ಅಮೆರಿಕದಲ್ಲಿ ಸಕ್ಕರೆ, ಕ್ರಿಯಾಟಿನಿನ್ ನಮ್ಮ ಹಾಗೆಯೇ. ಆದರೆ ಅಲ್ಲಿ ಯೂರಿಯಾ ಬದಲು ಯೂರಿಯಾ ನೈಟ್ರೋಜನ್ ಬರೆಯುತ್ತಾರೆ; ಅದನ್ನು 2.14ರಿಂದ ಗುಣಿಸಿದರೆ ನಮ್ಮ ಯೂರಿಯಾ. ದಿನಾಂಕದಲ್ಲಿ ಅವರು ತಿಂಗಳನ್ನು ಮೊದಲು ಹಾಕುತ್ತಾರೆ. 04/07 ಎಂಬುದು ಏಪ್ರಿಲ್ 7, ಜುಲೈ 4 ಅಲ್ಲ. ಔಷಧಿಗಳಲ್ಲಿ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್, ಸಾಲ್‌ಬ್ಯುಟಮಾಲ್ ಆಲ್‌ಬ್ಯುಟರಾಲ್, ಅಡ್ರಿನಲಿನ್ ಎಪಿನೆಫ್ರಿನ್.

ಇವೆಲ್ಲ ತಪ್ಪಿದರೆ ನಾಚಿಕೆ. ಇನ್ಸುಲಿನ್ ತಪ್ಪಿದರೆ ಪ್ರಾಣ. ನಮ್ಮಲ್ಲಿ ವಯಲ್‌ನ ಇನ್ಸುಲಿನ್ ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಅಲ್ಲಿ ಮಿ.ಲೀ.ಗೆ 100 ಯೂನಿಟ್, ಸಿರಿಂಜಿಗೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನನ್ನು 40ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಹೊರದೇಶದಿಂದ ರಜೆಗೆ ಬಂದ ಮಕ್ಕಳು ಮನೆಯ ಅಜ್ಜನಿಗೆಂದು ತಂದ ವಯಲ್‌ನಲ್ಲೂ ಇದೇ ಅಪಾಯ ಕೂತಿರುತ್ತದೆ. ಬರೆಯುವಾಗ ಯೂನಿಟ್ ಎಂಬ ಪದವನ್ನು ಪೂರ್ತಿ ಬರೆಯಿರಿ, ಇಂಗ್ಲಿಷಿನ ಯು ಅಕ್ಷರ ಸೊನ್ನೆಯಾಗಿ ಕಂಡು 4 ಯೂನಿಟ್ 40 ಆಗಿಬಿಡುತ್ತದೆ. 1 ಮಿ.ಗ್ರಾಂ.ಗೆ 1.0 ಎಂದು ಬರೆಯಬೇಡಿ, ಚುಕ್ಕೆ ಮಾಸಿದರೆ ಹತ್ತು.

ಪ್ರಶ್ನೆ: ಮಗಳು ಎಲೆಕ್ಟಿವ್‌ಗೆಂದು ಇಂಗ್ಲೆಂಡಿಗೆ ಹೊರಟಿದ್ದಾಳೆ. ಕೈಗೆ ಬಳೆ, ದೇವಸ್ಥಾನದ ದಾರ ಇದೆ. ತೆಗೆಯಲೇಬೇಕೇ?
– ತಾಯಿ, ಬೇಲೂರು

ಉತ್ತರ: ವಾರ್ಡಿನೊಳಗೆ ತೆಗೆಯಬೇಕಮ್ಮ. ಮೊಣಕೈಯಿಂದ ಕೆಳಗೆ ಅಂಗಿಯ ತೋಳು, ವಾಚು, ಬಳೆ, ದಾರ ಯಾವುದೂ ಇರಬಾರದೆಂಬ ಕ್ರಮ ಅಲ್ಲಿದೆ. ಕಲ್ಲಿಲ್ಲದ ಸರಳ ಉಂಗುರವೊಂದಕ್ಕೆ ಸಾಮಾನ್ಯವಾಗಿ ಅವಕಾಶ. ಒದ್ದೆ ದಾರದಲ್ಲಿ, ಬಳೆಯ ಕೆಳಗೆ ಸೂಕ್ಷ್ಮಾಣುಗಳು ಉಳಿಯುತ್ತವೆ, ಮಣಿಕಟ್ಟಿನವರೆಗೆ ತೊಳೆಯಲು ಬರುವುದಿಲ್ಲ. ದಾರವನ್ನು ಕುತ್ತಿಗೆಗೆ, ಬಟ್ಟೆಯೊಳಗೆ ಹಾಕಿಕೊಳ್ಳಲಿ. ಸೆಕೆಂಡು ನೋಡಲು ಅಂಗಿಗೆ ಸಿಕ್ಕಿಸುವ ಗಡಿಯಾರ ಸಿಗುತ್ತದೆ. ಕೈ ತೊಳೆಯುವುದು ಸೋಪು, ನೀರಿನಲ್ಲಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30. ಭೇದಿಯ ರೋಗಿಯಾದರೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು. ಹಾಗೆಯೇ ಮೊಬೈಲಿನಲ್ಲಿ ವಾರ್ಡಿನ ಒಂದು ಚಿತ್ರವನ್ನೂ ತೆಗೆಯದಿರಲಿ. ಮುಖ ಕಾಣದ ಎಕ್ಸ್‌ರೇ ಆದರೂ ವಾಟ್ಸ್‌ಆ್ಯಪಿಗೆ ಹೋದರೆ ಪೋಸ್ಟಿಂಗ್ ಅಲ್ಲಿಗೇ ಮುಗಿಯಬಹುದು.

ಪ್ರಶ್ನೆ: ರೋಗಿಯ ಸ್ಥಿತಿ ಕೆಟ್ಟಿದೆ ಎಂದು ನನಗೆ ಅನಿಸಿದರೂ ಅಲ್ಲಿನ ವೈದ್ಯರಿಗೆ ಹೇಳಲು ಹೊರಟರೆ ನಾಲಿಗೆ ತಡವರಿಸುತ್ತದೆ. ಇಂಗ್ಲಿಷ್ ಚೆನ್ನಾಗಿಲ್ಲದ ಕಾರಣವೇ?
– ಎಲೆಕ್ಟಿವ್‌ನಲ್ಲಿರುವ ವಿದ್ಯಾರ್ಥಿ, ಮೂಲ ಸಕಲೇಶಪುರ

ಉತ್ತರ: ಇಂಗ್ಲಿಷ್ ಕಾರಣವಲ್ಲ, ಮಾತಿನ ಅನುಕ್ರಮ ಕಾರಣ. ನಾವು ಕಥೆಯನ್ನು ಮೊದಲಿನಿಂದ ಹೇಳಿ ಕೊನೆಗೆ ವಿಷಯಕ್ಕೆ ಬರುತ್ತೇವೆ. ಅಲ್ಲಿನವರು ವಿಷಯ ಮೊದಲು ಕೇಳುತ್ತಾರೆ. ಅದಕ್ಕೆ ಎಸ್‌ಬಾರ್ ಎಂಬ ನಾಲ್ಕು ಮೆಟ್ಟಿಲ ಕ್ರಮವಿದೆ: ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜು ಏನು, ನಿಮ್ಮಿಂದ ಏನು ಬೇಕು. ಫೋನ್ ಎತ್ತುವ ಮುನ್ನ ಚೀಟಿಯಲ್ಲಿ ಬರೆದುಕೊಳ್ಳಿ.

"ನಾನು ವಿದ್ಯಾರ್ಥಿ. ಹನ್ನೆರಡನೇ ಹಾಸಿಗೆಯ ರೋಗಿಗೆ ಉಸಿರಾಟ ಹೆಚ್ಚಾಗಿದೆ, ನ್ಯೂಸ್ ಅಂಕ 8. ವಯಸ್ಸು 70, ನಿನ್ನೆ ನ್ಯುಮೋನಿಯಾ ಎಂದು ದಾಖಲಾದವರು. ಬೆಳಗ್ಗೆಗಿಂತ ಕೆಟ್ಟಿದೆ ಎಂದು ನನ್ನ ಅಂದಾಜು. ದಯವಿಟ್ಟು ಈಗಲೇ ಬಂದು ನೋಡಿ." ಇಪ್ಪತ್ತು ಸೆಕೆಂಡು ಸಾಕು.

ರೋಗಿಯ ಸ್ಥಿತಿ ಎಷ್ಟು ಬಿಗಡಾಯಿಸಿದೆ ಎಂದು ಅಳೆಯುವ ಆ ಅಂಕ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಪರಿಷ್ಕರಿಸಿದ ನ್ಯೂಸ್-2 ಪಟ್ಟಿಯದು. ಉಸಿರಾಟ ನಿಮಿಷಕ್ಕೆ 24 ಇದ್ದರೆ 2 ಅಂಕ, ಆಮ್ಲಜನಕ ಕೊಡದೆ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) 93 ಇದ್ದರೆ 2, ನಾಡಿ 112ಕ್ಕೆ 2, ಮೇಲಿನ ರಕ್ತದೊತ್ತಡ 104ಕ್ಕೆ 1, ಜ್ವರ 38.4ಕ್ಕೆ 1, ಪ್ರಜ್ಞೆ ಸರಿಯಿದ್ದರೆ 0. ಒಟ್ಟು 8. ಐದಾದರೆ ವೈದ್ಯರು ಬೇಗ ಬಂದು ನೋಡಬೇಕು, ಏಳಾದರೆ ತುರ್ತು ತಂಡ ಬರಬೇಕು. ಬಿಡಿಬಿಡಿಯಾಗಿ ನೋಡಿದರೆ ಈ ಅಂಕಿಗಳಲ್ಲಿ ಯಾವುದೂ ಹೆದರಿಸುವಷ್ಟಿಲ್ಲ, ಕೂಡಿಸಿದಾಗಲೇ ಅಪಾಯ ಎದ್ದು ಕಾಣುವುದು. ಉಸಿರಾಟವನ್ನು ಮಾತ್ರ ಅಂದಾಜಿನಲ್ಲಿ 18, 20 ಎಂದು ಬರೆಯಬೇಡಿ. ನಾಡಿ ಹಿಡಿದಂತೆ ಕೈ ಇಟ್ಟು, ಎದೆಯನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ. ಎಲ್ಲಕ್ಕಿಂತ ಮೊದಲು ಏರುವುದು ಎಷ್ಟೋ ಸಲ ಅದೇ. ಹಾಸನದ ವಾರ್ಡಿಗೂ ಈ ಲೆಕ್ಕ ಹಾಗೇ ಹೊಂದುತ್ತದೆ, ಕಾಗದ ಪೆನ್ನು ಬಿಟ್ಟು ಖರ್ಚಿಲ್ಲ.

ಪ್ರಶ್ನೆ: ರಷ್ಯಾದಲ್ಲಿ ಓದಿ ಬಂದು, ಹೊರದೇಶದಲ್ಲಿ ಓದಿದವರಿಗೆ ಇಲ್ಲಿರುವ ಅರ್ಹತಾ ಪರೀಕ್ಷೆಯಾದ ಎಫ್‌ಎಂಜಿಇ ಪಾಸಾಗಿದ್ದೇನೆ. ಇನ್ನು ಇಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಅಲ್ಲಿ ಹೃದಯಾಘಾತ, ಪಾರ್ಶ್ವವಾಯು ಬೇಕಾದಷ್ಟು ನೋಡಿದೆ. ಇಲ್ಲಿನ ಕೇಸುಗಳ ಭಯವಿದೆ. ಮೊದಲು ಏನು ಓದಿಕೊಳ್ಳಲಿ?
– ಯುವ ವೈದ್ಯ, ಕೊಪ್ಪ

ಉತ್ತರ: 300ಕ್ಕೆ 150 ದಾಟಿದ್ದಕ್ಕೆ ಅಭಿನಂದನೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ನೋಂದಣಿ ಆಗದೆ ವಾರ್ಡಿನ ಕೆಲಸಕ್ಕೆ ಇಳಿಯಬೇಡಿ. ಓದಿಕೊಳ್ಳಬೇಕಾದವು ಮೂರು: ಹಾವು ಕಡಿತ, ವಿಷ ಸೇವನೆ, ಮಂಗನ ಕಾಯಿಲೆ. ಮೂರೂ ಅಲ್ಲಿ ಅಷ್ಟಾಗಿ ಕಾಣಸಿಗದವು, ಇಲ್ಲಿ ತೋಟ ಕಾಡುಗಳ ನಡುವೆ ಬದುಕುವವರನ್ನು ಕಾಡುವಂಥವು.

ಹಾವು ಕಡಿದು ಬಂದವರಲ್ಲಿ ಹಾವಿನ ಹೆಸರು ಹುಡುಕುತ್ತ ಕೂರಬೇಡಿ, ಲಕ್ಷಣ ನೋಡಿ. ಶುಚಿಯಾದ, ಒಣ, ಹೊಸ ಗಾಜಿನ ನಳಿಕೆಗೆ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಡಿ, ಆಮೇಲೆ ವಾಲಿಸಿ. ಹರಿದರೆ ರಕ್ತ ಹೆಪ್ಪುಗಟ್ಟುತ್ತಿಲ್ಲ, ಅಂದರೆ ಮಂಡಲದ ಜಾತಿಯ ವಿಷ. ಪ್ಲಾಸ್ಟಿಕ್ ನಳಿಕೆ ಅಥವಾ ಡಿಟರ್ಜೆಂಟಿನಲ್ಲಿ ತೊಳೆದ ಗಾಜು ಬಳಸಿದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಮೊದಲ ಸಲ ಹೆಪ್ಪಾದರೂ ಮೂರು ಗಂಟೆವರೆಗೆ ಅರ್ಧರ್ಧ ಗಂಟೆಗೆ, ಆಮೇಲೆ ಗಂಟೆಗೊಮ್ಮೆ ಮತ್ತೆ ನೋಡಿ. ರೆಪ್ಪೆ ಜೋಲುವುದು, ನುಂಗಲಾಗದಿರುವುದು ನಾಗರ, ಕಟ್ಟುಹಾವಿನ ವಿಷದ ಗುರುತು. ಕಟ್ಟುಹಾವು ಕಡಿದಲ್ಲಿ ಊತ, ನೋವು ಬಹುತೇಕ ಇರುವುದೇ ಇಲ್ಲ. ವಿಷ ಏರಿದ ಲಕ್ಷಣ ಕಂಡರೆ ಪ್ರತಿವಿಷ 10 ವಯಲ್, ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ. ಮಕ್ಕಳಿಗೂ ಅಷ್ಟೇ ಡೋಸ್, ಹಾವು ಬಿಡುವ ವಿಷ ಮಗುವಿಗೆಂದು ಕಡಿಮೆಯಾಗದು. ಟೆಸ್ಟ್ ಡೋಸ್ ಬೇಡ. ಅಲರ್ಜಿಯನ್ನು ಅದು ಮೊದಲೇ ತಿಳಿಸುವುದಿಲ್ಲ. ಬದಲಿಗೆ ಅಡ್ರಿನಲಿನ್ 0.5 ಮಿ.ಗ್ರಾಂ. ಸಿರಿಂಜಿನಲ್ಲಿ ಎಳೆದು ಪಕ್ಕದಲ್ಲಿರಲಿ; ದದ್ದು, ನಡುಕ, ಉಬ್ಬಸ ಕಂಡ ಕೂಡಲೇ ಪ್ರತಿವಿಷ ನಿಲ್ಲಿಸಿ ತೊಡೆಯ ಸ್ನಾಯುವಿಗೆ ಕೊಡಬೇಕು. ಮಕ್ಕಳಿಗೆ ಇದು ತೂಕದ ಲೆಕ್ಕ, ಕಿಲೋಗೆ 0.01 ಮಿ.ಗ್ರಾಂ. ಕಾಫಿ ತೋಟಗಳ ತರಗೆಲೆಯಲ್ಲಿ ಅಡಗುವ ಗುಳಿಮಂಡಲಗಳಿಗೆ ನಮ್ಮ ಈಗಿನ ಪ್ರತಿವಿಷ ಕೆಲಸ ಮಾಡದು. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರದ್ದು. ಡೋಸ್ ಮೇಲೆ ಡೋಸ್ ಕೊಟ್ಟರೂ ರಕ್ತ ಹೆಪ್ಪಾಗದಿದ್ದರೆ ಇದನ್ನು ನೆನೆದು ಮೂತ್ರಪಿಂಡದ ಮೇಲೆ ಕಣ್ಣಿಡಿ, ಡಯಾಲಿಸಿಸ್ ಇರುವಲ್ಲಿಗೆ ಬೇಗ ಕಳುಹಿಸಿ.

ವಿಷ ಕುಡಿದವರು ಬಂದಾಗ ಡಬ್ಬ ತರಿಸಿ. ಕೀಟನಾಶಕವೋ ಕಳೆನಾಶಕವೋ ಎಂಬುದು ಚಿಕಿತ್ಸೆಯನ್ನೇ ತಿರುಗಿಸುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕವಾದರೆ ಪಾಪೆ ಚುಕ್ಕಿಯಷ್ಟಾಗಿ, ಬಾಯಲ್ಲಿ ಜೊಲ್ಲು, ಎದೆಯಲ್ಲಿ ಕಫದ ಸದ್ದು, ನಾಡಿ ನಿಧಾನ. ಕೈಗವಸು ಹಾಕಿ ಬಟ್ಟೆ ತೆಗೆಸಿ ಮೈಯನ್ನು ಸೋಪಿನಿಂದ ತೊಳೆಸಿ. ಅಟ್ರೋಪಿನ್ 2 ಮಿ.ಗ್ರಾಂ.ನಿಂದ ಶುರುಮಾಡಿ, ಐದೈದು ನಿಮಿಷಕ್ಕೆ ನೋಡುತ್ತ, ಎದೆ ಒಣಗದಿದ್ದರೆ ಪ್ರತಿ ಸಲ ಇಮ್ಮಡಿ ಮಾಡುತ್ತ ಹೋಗಿ. ಎದೆಯ ಸದ್ದು ತಿಳಿಯಾಗಿ, ನಾಡಿ 80 ದಾಟಿ, ಮೇಲಿನ ರಕ್ತದೊತ್ತಡ 80 ದಾಟಿದರೆ ಗುರಿ ಮುಟ್ಟಿದಂತೆ. ಹೊಸಬರು ಪಾಪೆ ದೊಡ್ಡದಾಗಲಿ ಎಂದು ಕಾಯುತ್ತ ಅಟ್ರೋಪಿನ್ ಅತಿಯಾಗಿಸುತ್ತಾರೆ. ರೋಗಿ ಬಡಬಡಿಸಿ, ಹಾಸಿಗೆ ಕಿತ್ತು, ಜ್ವರ ಏರಿದರೆ ಅತಿಯಾಗಿದೆ ಎಂದೇ ಅರ್ಥ. ಪ್ಯಾರಾಕ್ವಾಟ್ ಕಳೆನಾಶಕವಾದರೆ ಲೆಕ್ಕವೇ ಬೇರೆ. ಅದಕ್ಕೆ ಅಟ್ರೋಪಿನ್ ಉಪಯೋಗವಿಲ್ಲ. ಅಭ್ಯಾಸಬಲದಿಂದ ಆಮ್ಲಜನಕ ಹಚ್ಚಬೇಡಿ, ಶ್ವಾಸಕೋಶದ ಹಾನಿ ಅದರಿಂದ ಹೆಚ್ಚುತ್ತದೆ. ಸ್ಯಾಚುರೇಶನ್ ತೀರಾ ಕುಸಿದಾಗ ಮಾತ್ರ ಕೊಡುವುದು.

ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದು. ನಿಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಹೊಸದಲ್ಲ. ಡಿಸೆಂಬರಿನಿಂದ ಮೇವರೆಗೆ ಯಾರೇ ಜ್ವರ, ವಿಪರೀತ ತಲೆನೋವು, ಸೊಂಟ ಕಾಲು ನೋವು, ಕೆಂಗಣ್ಣು ಎಂದು ಬಂದರೆ ಕಾಡಿಗೆ ಸೊಪ್ಪು, ದರಗು, ಸೌದೆಗೆ ಹೋಗಿದ್ದರೇ, ಉಣುಗು ಕಚ್ಚಿತ್ತೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂದು ಕೇಳಿ. ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಶುರು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಯುವುದರಿಂದ ಡೆಂಗಿ ಎಂದು ಮುಗಿಸಿಬಿಡುವ ಅಪಾಯವಿದೆ. ಮೊದಲ ದಿನಗಳಲ್ಲಿ ಪಿಸಿಆರ್‌ಗೆ, ತಡವಾಗಿ ಬಂದರೆ ಐಜಿಎಂ ಪರೀಕ್ಷೆಗೆ ರಕ್ತ ಕಳುಹಿಸಿ. ಈ ವೈರಸ್ಸಿಗೆಂದೇ ಔಷಧಿ ಇಲ್ಲ. ನೀರಿನ ಅಂಶ, ರಕ್ತದೊತ್ತಡ, ರಕ್ತಸ್ರಾವ ನೋಡಿಕೊಳ್ಳುವುದೇ ಚಿಕಿತ್ಸೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ; ಡೈಕ್ಲೋಫೆನಾಕ್ ಇಂಜೆಕ್ಷನ್, ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರ ಬಿಟ್ಟು ಮನೆಗೆ ಹೋದವರಲ್ಲಿ ಕೆಲವರಿಗೆ ಒಂದೆರಡು ವಾರದ ಮೇಲೆ ಮತ್ತೆ ಜ್ವರ ಬಂದು ಮಂಪರು, ಕೈನಡುಕ, ಕುತ್ತಿಗೆ ಬಿಗಿತ ಕಾಣಿಸುತ್ತದೆ. ಬಿಡುಗಡೆ ಚೀಟಿ ಕೊಡುವಾಗ ಇದನ್ನು ಮನೆಯವರಿಗೆ ಬಾಯಲ್ಲಿ ಹೇಳಿ, ಕನ್ನಡದಲ್ಲಿ ಬರೆದೂ ಕೊಡಿ.